ಕಣ್ಣು ಕೆಂಪಾದರೆ ಒಳಗೆ ಏನು ನಡೆಯುತ್ತದೆ, ಹೊರಗೆ ನೀವೇನು ಮಾಡಬೇಕು

'ನಿಮಗೆ ಕಣ್ಣಿದೆ ಅಂತ ನಿಮ್ಮ ರೋಗನಿರೋಧಕ ವ್ಯವಸ್ಥೆಗೆ ಗೊತ್ತೇ ಇಲ್ಲ. ಗೊತ್ತಾದರೆ ಕಣ್ಣನ್ನೇ ತಿಂದು ಹಾಕುತ್ತದೆ!' ಇಂಥದ್ದೊಂದು ರೀಲ್ಸ್ ನಿಮಗೂ ಬಂದಿರಬಹುದು. ಕೇಳೋಕೆ ಮಜವಾಗಿದೆ, ಸ್ವಲ್ಪ ನಿಜವೂ ಇದೆ. ಆದರೆ 'ಗೊತ್ತೇ ಇಲ್ಲ' ಅನ್ನುವುದು ಶುದ್ಧ ಸುಳ್ಳು. ರೆಪ್ಪೆಯ ಅಂಚಿನಿಂದ ಹಿಡಿದು ಹಿಂಬದಿಯ ರೆಟಿನಾದವರೆಗೆ ಕಾವಲು ಕೋಶಗಳಿವೆ. ಅವು ಕಣ್ಣಿನೊಳಗೆ ಕೈ ಬಿಗಿಹಿಡಿದು ಹೋರಾಡುತ್ತವೆ, ಅಷ್ಟೇ.

ಯಾಕೆ ಹೀಗೆ? ಮೊಣಕೈಗೆ ಗಾಯವಾದರೆ ಊದಿಕೊಳ್ಳುತ್ತದೆ, ಕೀವು ಬರುತ್ತದೆ, ಮಾಯುತ್ತದೆ, ಒಂದು ಕಲೆ ಉಳಿಯುತ್ತದೆ. ಕಲೆಯಿಂದ ಯಾರಿಗೂ ನಷ್ಟವಿಲ್ಲ. ಅದೇ ಕಲೆ ಕಣ್ಣಿನ ಮುಂದಿರುವ ಪಾರದರ್ಶಕ ಪದರ, ಅಂದರೆ ಕಾರ್ನಿಯಾದ ನಡುವೆ ಒಂದೆರಡು ಮಿಲಿಮೀಟರ್ ಆದರೂ ಸಾಕು, ನೋಟ ಮಂಜಾಗುತ್ತದೆ. ಹಳ್ಳಿಗಳಲ್ಲಿ 'ಕಣ್ಣಲ್ಲಿ ಹೂ ಬಿದ್ದಿದೆ' ಅನ್ನುವುದು ಈ ಬಿಳಿ ಕಲೆಗೇ. ರೋಗಾಣು ಸತ್ತಿತು, ಆದರೆ ಕಣ್ಣೂ ಹೋಯಿತು ಅಂದರೆ ಏನು ಬಂತು? ಅದಕ್ಕೇ ಕಣ್ಣು ಆ ಹೋರಾಟವನ್ನು ಅಳತೆಯಲ್ಲಿ ಇಟ್ಟುಕೊಂಡಿದೆ.

ಕಣ್ಣು ಕೆಂಪಾಗಿದೆ ಅಂದರೆ ಒಳಗೆ ಜಗಳ ಶುರುವಾಗಿದೆ ಅಂತ. ಯಾರ ಜೊತೆ ಅನ್ನುವುದು ಮುಖ್ಯ. ರೋಗಾಣುವಿನ ಜೊತೆಯೋ, ಸುಮ್ನೆ ಹಾರಿಬಂದ ಪರಾಗದ ಜೊತೆಯೋ, ಅಥವಾ ದೇಹ ತನ್ನ ಕಣ್ಣಿನ ಮೇಲೆಯೇ ತಿರುಗಿಬಿದ್ದಿದೆಯೋ? ಮೂರಕ್ಕೂ ಕಣ್ಣು ಕೆಂಪೇ. ಆದರೆ ಒಂದರ ಔಷಧಿ ಇನ್ನೊಂದಕ್ಕೆ ವಿಷ. ಈ ಬರಹ ಇರುವುದೇ ಅದನ್ನು ಹೇಳಲು.

ಹೆಜ್ಜೆ 1: ಇರುವ ಕಾವಲನ್ನು ಕೆಡಿಸಬೇಡಿ

ಕಣ್ಣೀರು ಬರೀ ಉಪ್ಪುನೀರಲ್ಲ. ಅದರಲ್ಲಿ ಲೈಸೋಜೈಮ್ ಅನ್ನುವ ಕಿಣ್ವವಿದೆ. ಅದು ಬ್ಯಾಕ್ಟೀರಿಯಾದ ಹೊರಗೋಡೆಯನ್ನೇ ಕತ್ತರಿಸುತ್ತದೆ. ಇದನ್ನು ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್, 1922ರಲ್ಲಿ ಪ್ರಕಟಿಸಿದರು. ಪೆನಿಸಿಲಿನ್ ಕಂಡದ್ದು ಅದಾದ ಆರು ವರ್ಷಕ್ಕೆ. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ, ಅದಕ್ಕೆ ಲ್ಯಾಬಿನವರ ಕಣ್ಣಿಗೆ ನಿಂಬೆರಸ ತಾಗಿಸಿ ಅಳಿಸುತ್ತಿದ್ದರಂತೆ. ಪಾಪ!

ಕಣ್ಣೀರಿನಲ್ಲಿರುವ ಲ್ಯಾಕ್ಟೋಫೆರಿನ್ ಅನ್ನುವ ಪ್ರೋಟೀನು ರೋಗಾಣುಗಳಿಗೆ ಬೇಕಾದ ಕಬ್ಬಿಣದ ಅಂಶವನ್ನು ಕಸಿದುಕೊಳ್ಳುತ್ತದೆ. ಐಜಿಎ ಅನ್ನುವ ಪ್ರತಿಕಾಯಗಳು ರೋಗಾಣುಗಳಿಗೆ ಅಂಟಿಕೊಂಡು, ಅವು ಕಣ್ಣಿಗೆ ಅಂಟದಂತೆ ನೋಡಿಕೊಳ್ಳುತ್ತವೆ. ಪ್ರತಿ ಸಲ ರೆಪ್ಪೆ ಬಡಿದಾಗಲೂ ಕಸವನ್ನೆಲ್ಲ ಗುಡಿಸಿ ಮೂಗಿನ ಪಕ್ಕದ ಕೊಳವೆಗೆ ತಳ್ಳಲಾಗುತ್ತದೆ. ರಾತ್ರಿ ಕಣ್ಣು ಮುಚ್ಚಿದ ಮೇಲೆ ಪಾಳಿ ಬದಲು. ಕಣ್ಣೀರು ಕಡಿಮೆಯಾಗುತ್ತದೆ, ಬಿಳಿ ರಕ್ತಕಣಗಳು ಕಣ್ಣಿನ ಮೇಲ್ಮೈಗೆ ಇಳಿಯುತ್ತವೆ. ಬೆಳಿಗ್ಗೆ ಕಣ್ಣಂಚಿನಲ್ಲಿ ಇರುವ ಚೂರು ಗೀಜು ಆ ರಾತ್ರಿಪಾಳಿಯ ಕಸ. ಚೂರೇ ಚೂರು ಇದ್ದರೆ ಅದು ರೋಗವಲ್ಲ.

ಇಷ್ಟೆಲ್ಲ ಇರುವಾಗ ನಾವು ಏನು ಮಾಡುತ್ತೇವೆ? ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ರೋಸ್ ವಾಟರ್, ಯಾವುದೋ ಸೊಪ್ಪಿನ ರಸ ಎಲ್ಲ ಹಾಕುತ್ತೇವೆ. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಅದನ್ನೇ ಹಿಂಡಿ ಕಣ್ಣೊಳಗೆ ಬಿಟ್ಟರೆ ಖಂಡಿತ ತಕರಾರಿದೆ. ಶುದ್ಧೀಕರಿಸದ ಯಾವ ದ್ರವವೂ ಕಣ್ಣೊಳಗೆ ಹೋಗಬಾರದು. ದಿನಾ ಮುಖ ತೊಳೆಯುವಾಗ ಕಣ್ಣು ಮುಚ್ಚಿ ತೊಳೆದರೆ ಸಾಕು. ಕಣ್ಣು ತೆರೆದು ನೀರು ಎರಚಿಕೊಳ್ಳುವ ಅಭ್ಯಾಸವಿದ್ದರೆ ಬಿಡಿ. ನಲ್ಲಿ ನೀರು ಕಣ್ಣೀರನ್ನು ತೊಳೆದುಹಾಕುತ್ತದೆ, ಅಷ್ಟು ಒಳ್ಳೆಯದನ್ನು ವಾಪಸ್ ಕೊಡುವುದಿಲ್ಲ. ಒಬ್ಬರ ಕಾಡಿಗೆ ಇನ್ನೊಬ್ಬರಿಗೆ ಬೇಡ. ಮೊಬೈಲ್ ನೋಡುವಾಗ ರೆಪ್ಪೆ ಬಡಿಯುವುದು ತುಂಬಾ ಕಡಿಮೆಯಾಗುತ್ತದೆ, ನಡುನಡುವೆ ಬೇಕಂತಲೇ ಪೂರ್ತಿ ರೆಪ್ಪೆ ಮುಚ್ಚಿ ತೆಗೆಯಿರಿ.

ಮಕ್ಕಳಿರುವ ಮನೆಗೆ ಇನ್ನೊಂದು ಮಾತು. ಈ ಕಾವಲು ಗಟ್ಟಿಯಾಗಿರಲು ವಿಟಮಿನ್ ಎ ಬೇಕು. ಕೊರತೆಯಾದರೆ ಮೊದಲು ಇರುಳುಗುರುಡು, ಆಮೇಲೆ ಕಣ್ಣು ಒಣಗಿ ಕಾರ್ನಿಯಾವೇ ಕರಗುವವರೆಗೂ ಹೋಗಬಹುದು. 9 ತಿಂಗಳಿಗೆ ದಡಾರದ ಲಸಿಕೆಯ ಜೊತೆ ಕೊಡುವ ವಿಟಮಿನ್ ಎ ಹನಿಯನ್ನೂ, ಆಮೇಲೆ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವುದನ್ನೂ ತಪ್ಪಿಸಬೇಡಿ. ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆ ಊಟದಲ್ಲಿರಲಿ.

ಹೆಜ್ಜೆ 2: ಕನ್ನಡಿ ಮುಂದೆ ಐದು ನಿಮಿಷ

ಕಣ್ಣು ಕೆಂಪಾಯಿತು. ಮೆಡಿಕಲ್ ಶಾಪಿಗೆ ಓಡುವ ಮೊದಲು ಕೈ ತೊಳೆದು, ಬೆಳಕಿರುವ ಕಡೆ ಕನ್ನಡಿ ಮುಂದೆ ನಿಂತುಕೊಳ್ಳಿ.

ಮೊದಲು ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿ. ಕನ್ನಡಕ ಇದ್ದರೆ ಹಾಕಿಕೊಂಡೇ ಓದಿ. ಕೆಂಪಾದ ಕಣ್ಣಿಗೆ ಮಂಜು ಮಂಜು ಕಾಣಿಸಿ, ರೆಪ್ಪೆ ಬಡಿದರೂ ಮಂಜು ಹೋಗದಿದ್ದರೆ ಮನೆಮದ್ದಿನ ಮಾತೇ ಬೇಡ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಆಮೇಲೆ ಕೆಂಪು ಎಲ್ಲಿದೆ ನೋಡಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆಳೆಯಿರಿ. ರೆಪ್ಪೆಯ ಒಳಭಾಗ ಕೆಂಡದಂತಿದ್ದು, ಕರಿಗುಡ್ಡೆಯ ಕಡೆಗೆ ಬರುತ್ತಾ ಕೆಂಪು ಕಡಿಮೆಯಾಗಿದ್ದರೆ ಅದು ಹೊರಪೊರೆಯ ಉರಿಯೂತ. ಹೆಚ್ಚಾಗಿ ಸೋಂಕು ಇಲ್ಲವೇ ಅಲರ್ಜಿ. ಅದರ ಬದಲು ಕರಿಗುಡ್ಡೆಯ ಸುತ್ತ ಬಳೆಯ ಹಾಗೆ ನಸುನೇರಳೆ ಕೆಂಪು ಇದ್ದರೆ ತೊಂದರೆ ಕಾರ್ನಿಯಾದಲ್ಲೋ ಕಣ್ಣಿನ ಒಳಗೋ ಇದೆ.

ಇನ್ನು ಬೆಳಕಿನ ಪರೀಕ್ಷೆ. ಕೆಂಪಾದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಚೆನ್ನಾಗಿರುವ ಕಣ್ಣಿಗೆ ಮನೆಯವರು ಮೊಬೈಲ್ ಟಾರ್ಚನ್ನು ಪಕ್ಕದಿಂದ ಒಂದು ಕ್ಷಣ ಹಿಡಿಯಲಿ. ಎರಡೂ ಪಾಪೆಗಳು ಒಟ್ಟಿಗೇ ಕುಗ್ಗುತ್ತವೆ. ಮುಚ್ಚಿರುವ ಕೆಂಪು ಕಣ್ಣು ಒಳಗೆ ಚಳುಕ್ ಅಂದರೆ ಐರಿಸ್, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಪದರ, ಊದಿಕೊಂಡಿರುವ ಸಾಧ್ಯತೆ ಜಾಸ್ತಿ. ಎರಡು ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ ಕಂಡರೂ ಹಾಗೆಯೇ, ತಡ ಮಾಡಬೇಡಿ. ಇದರ ಜೊತೆ ತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಕಣ್ಣಿನ ಒತ್ತಡ ದಿಢೀರ್ ಏರಿದ ಲಕ್ಷಣ. ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಕಡೆಗೆ ಮೂರು ಪ್ರಶ್ನೆ. ತುರಿಕೆಯಾ? ಗೀಜಾ? ನೋವಾ? ತುರಿಕೆ ಮುಂದಿದ್ದರೆ ಅಲರ್ಜಿ. ಗೀಜು ಮುಂದಿದ್ದರೆ ಸೋಂಕು. ನೀರಾಗಿದ್ದರೆ ಹೆಚ್ಚಾಗಿ ವೈರಸ್, ಹಳದಿ ಕೀವಿನಂತೆ ಅಂಟಾಗಿದ್ದರೆ ಬ್ಯಾಕ್ಟೀರಿಯಾ. ನೋವು ಮುಂದಿದ್ದರೆ ಡಾಕ್ಟರು. ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು ಬೇರೆ, ಒಳಗಿನಿಂದ ನೋಯುವುದು ಬೇರೆ. ವ್ಯತ್ಯಾಸ ಅನುಭವಿಸಿದವರಿಗೆ ಗೊತ್ತಾಗುತ್ತದೆ.

ಬಿಳಿಗುಡ್ಡೆಯ ಮೇಲೆ ನೋವಿಲ್ಲದೆ ಗಾಢ ಕೆಂಪು ಮಚ್ಚೆಯೊಂದು ಬೆಳಗಾಗುವುದರೊಳಗೆ ಮೂಡಿದ್ದರೆ ಅದು ಸಣ್ಣ ರಕ್ತನಾಳ ಒಡೆದದ್ದು. ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಎರಡು ವಾರದಲ್ಲಿ ತಾನೇ ಹೋಗುತ್ತದೆ. ಬಿಪಿ ಒಮ್ಮೆ ನೋಡಿಸಿ ಸಾಕು.

ಹೆಜ್ಜೆ 3: ಮದ್ರಾಸ್ ಐ ಆದರೆ ಕಾಯಿರಿ, ಹಂಚಬೇಡಿ

2023ರ ಮಳೆಗಾಲದಲ್ಲಿ ಕರ್ನಾಟಕದ ಶಾಲೆ, ಹಾಸ್ಟೆಲ್‌ಗಳಲ್ಲೆಲ್ಲ ಇದೇ ಸುದ್ದಿ. ಇಂಥ ಅಂಟು ಕಣ್ಣುಬೇನೆಗೆ ಸಾಮಾನ್ಯವಾಗಿ ಕಾರಣ ಅಡೆನೊವೈರಸ್. ಒಂದು ಕಣ್ಣಿನಲ್ಲಿ ಶುರುವಾಗಿ ಒಂದೆರಡು ದಿನಕ್ಕೆ ಇನ್ನೊಂದಕ್ಕೆ ಬರುತ್ತದೆ. ಕಿವಿಯ ಮುಂದೆ, ದವಡೆ ಕೀಲಿನ ಹತ್ತಿರ ಬೆರಳಿಟ್ಟು ನೋಡಿ. ಮುಟ್ಟಿದರೆ ನೋಯುವ ಕಡಲೆಕಾಳಿನಷ್ಟು ಗಂಟು ಸಿಗಬಹುದು. ಅದು ದುಗ್ಧಗ್ರಂಥಿ. ಕಣ್ಣಿನಿಂದ ಬಂದ ವೈರಸ್ ತುಣುಕುಗಳನ್ನು ಅಲ್ಲಿ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳಿಗೆ ತೋರಿಸಿ ತರಬೇತಿ ನಡೆಯುತ್ತಿರುತ್ತದೆ. ಆ ಗಂಟು ಸಿಕ್ಕರೆ ವೈರಸ್ ಅಂತ ಅನುಮಾನ ಗಟ್ಟಿಯಾಗುತ್ತದೆ.

ಈ ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ದೇಹವೇ ಒಂದರಿಂದ ಎರಡು ವಾರದಲ್ಲಿ ಗೆಲ್ಲುತ್ತದೆ. ತಣ್ಣನೆ ಒದ್ದೆಬಟ್ಟೆ, ಕೃತಕ ಕಣ್ಣೀರಿನ ಡ್ರಾಪ್ಸ್ ಹಾಯೆನಿಸುತ್ತವೆ. ನೋಡಿದರೆ ಅಂಟುತ್ತದೆ ಅನ್ನುವುದು ಸುಳ್ಳು, ಕೈಯಿಂದ ಅಂಟುತ್ತದೆ ಅನ್ನುವುದು ನಿಜ. ಕಪ್ಪು ಕನ್ನಡಕ ಹಾಕಿಕೊಂಡರೆ ಬೆಳಕು ಚುಚ್ಚುವುದಿಲ್ಲ, ಆದರೆ ಸೋಂಕು ಹರಡುವುದು ನಿಲ್ಲಲ್ಲ. ಟವೆಲ್, ದಿಂಬಿನ ಕವರ್, ಮೊಬೈಲ್, ಬಾಗಿಲ ಚಿಲಕ, ಇವನ್ನು ನೋಡಿಕೊಳ್ಳಿ. ಮನೆಯಲ್ಲಿ ಇಬ್ಬರಿಗೆ ಬಂದಿದ್ದರೂ ಒಂದೇ ಬಾಟಲಿ ಡ್ರಾಪ್ಸ್ ಹಂಚಿಕೊಳ್ಳಬೇಡಿ.

ಕೆಂಪು ಇಳಿದ ಮೇಲೂ ಕೆಲವರಿಗೆ ವಾರಗಟ್ಟಲೆ ಮಂಜು, ದೀಪ ಕಂಡರೆ ಕೋರೈಸುವುದು ಇರುತ್ತದೆ. ವೈರಸ್ ಹೋದರೂ ಅದರ ಚೂರುಗಳ ವಿರುದ್ಧ ಬಿಳಿ ರಕ್ತಕಣಗಳು ಕಾರ್ನಿಯಾದಲ್ಲಿ ಸೇರಿ ಸಣ್ಣ ಸಣ್ಣ ಚುಕ್ಕೆ ಮಾಡಿರುತ್ತವೆ. ಹೀಗಾದರೆ ಡಾಕ್ಟರಿಗೆ ತೋರಿಸಿ.

ಹೆಜ್ಜೆ 4: ತುರಿಕೆಯಾದರೆ ಉಜ್ಜಬೇಡಿ

ಹೇಳುವುದು ಸುಲಭ, ಅಲ್ವಾ? ಆದರೆ ಕಾರಣ ತಿಳಿದರೆ ಕೈ ಸ್ವಲ್ಪ ತಡೆಯಬಹುದು. ರೆಪ್ಪೆಯ ಒಳಗೆ ಮಾಸ್ಟ್ ಕೋಶಗಳಿವೆ. ಅವುಗಳ ತುಂಬ ಹಿಸ್ಟಮಿನ್. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ ಪರಾಗವೋ ಧೂಳುಹುಳವೋ ತಾಗಿದಾಗ ಆ ಕೋಶಗಳು ಒಡೆದು ಹಿಸ್ಟಮಿನ್ ಚೆಲ್ಲುತ್ತವೆ. ತುರಿಕೆ, ನೀರು, ಊತ ಎಲ್ಲ ಅದರದ್ದೇ. ನೀವು ಉಜ್ಜಿದರೆ ಇನ್ನಷ್ಟು ಮಾಸ್ಟ್ ಕೋಶಗಳು ಒಡೆಯುತ್ತವೆ. ಉಜ್ಜಿದ ಒಂದು ನಿಮಿಷ ಸುಖ, ಆಮೇಲೆ ಎರಡರಷ್ಟು ತುರಿಕೆ.

ಹೊರಗಿಂದ ಬಂದ ಕೂಡಲೇ ಮುಖ ತೊಳೆಯಿರಿ, ತಣ್ಣನೆ ಬಟ್ಟೆ ಇಡಿ. ಒಲೊಪಟಡಿನ್ ಅಥವಾ ಕೀಟೊಟಿಫೆನ್ ಇರುವ ಅಲರ್ಜಿ ಡ್ರಾಪ್ಸನ್ನು ಡಾಕ್ಟರು ಬರೆದುಕೊಡುತ್ತಾರೆ.

5ರಿಂದ 15 ವರ್ಷದ ಮಕ್ಕಳಲ್ಲಿ, ಅದರಲ್ಲೂ ಹುಡುಗರಲ್ಲಿ, ಪ್ರತಿ ಬೇಸಿಗೆಗೆ ಈ ಕಾಟ ವಾಪಸ್ ಬರುತ್ತಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಳಿಗುಡ್ಡೆ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ, ಗೀಜು ಎಳೆದರೆ ದಾರದಂತೆ ಬರುತ್ತದೆ, ಬಿಸಿಲಿಗೆ ಹುಡುಗ ಕಣ್ಣು ಬಿಡುವುದಿಲ್ಲ. ಇದಕ್ಕೆ ವರ್ನಲ್ ಅಲರ್ಜಿ ಅನ್ನುತ್ತಾರೆ. ವರ್ಷಗಟ್ಟಲೆ ಉಜ್ಜಿದರೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಬರುವ ಕೆರಟೋಕೋನಸ್ ಆಗಬಹುದು. ಹೆಚ್ಚಿನವರಿಗೆ ಹದಿಹರೆಯ ದಾಟುವಷ್ಟರಲ್ಲಿ ಅಲರ್ಜಿ ತಾನೇ ಹೋಗುತ್ತದೆ. ಅಲ್ಲಿಯವರೆಗೆ ಕಣ್ಣು ಉಳಿಸಿಕೊಳ್ಳುವುದೇ ಕೆಲಸ. ಅದು ಕೆಡುವುದು ಅಲರ್ಜಿಯಿಂದ ಅಷ್ಟಲ್ಲ, ಮುಂದೆ ಹೇಳುವ ಬಾಟಲಿಯಿಂದ.

ಹೆಜ್ಜೆ 5: ಬಾಟಲಿಯ ಮೇಲೆ ಏನು ಬರೆದಿದೆ ಓದಿ

'ಅಣ್ಣಾ, ಕಣ್ಣು ಕೆಂಪಾಗಿದೆ, ಏನಾದ್ರೂ ಕೊಡಿ' ಅಂದರೆ ಕೌಂಟರಿನ ಆಚೆಯಿಂದ ಬರುವುದು ಹಲವು ಸಲ ಆಂಟಿಬಯೋಟಿಕ್ ಮತ್ತು ಸ್ಟೀರಾಯ್ಡ್ ಎರಡೂ ಸೇರಿದ ಡ್ರಾಪ್ಸ್. ಹಾಕಿದ ಮರುದಿನವೇ ಕಣ್ಣು ಬೆಳ್ಳಗೆ! 'ಏನು ಒಳ್ಳೆ ಔಷಧಿ' ಅನ್ನಿಸುತ್ತದೆ. ನಿಜಕ್ಕೂ ಆಗಿದ್ದೇನು? ಸ್ಟೀರಾಯ್ಡ್ ರೋಗಾಣುವನ್ನು ಕೊಲ್ಲಲಿಲ್ಲ. ಹೋರಾಡುತ್ತಿದ್ದವರನ್ನು ಮನೆಗೆ ಕಳಿಸಿತು. ಜಗಳದ ಸದ್ದು ನಿಂತಿತು ಅಷ್ಟೇ. ಒಳಗೆ ಶಿಲೀಂಧ್ರವೋ ಹರ್ಪಿಸ್ ವೈರಸ್ಸೋ ಇದ್ದರೆ ಅದಕ್ಕೆ ಈಗ ಬೀದಿಯೇ ಖಾಲಿ. ಕಾರ್ನಿಯಾವನ್ನು ಕೊರೆಯುತ್ತಾ ಹೋಗುತ್ತದೆ.

ಇನ್ನೊಂದು ತೊಂದರೆ ಸದ್ದಿಲ್ಲದೆ ಬರುತ್ತದೆ. ವಾರಗಟ್ಟಲೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಒಂದಿಷ್ಟು ಏರುತ್ತದೆ, ಕೆಲವರಿಗೆ ಬಹಳ. ನೋವಿಲ್ಲ, ಕೆಂಪಿಲ್ಲ. ಆ ಒತ್ತಡದಿಂದ ಬರುವ ಗ್ಲಾಕೋಮಾ ಅನ್ನುವ ಕಾಯಿಲೆ ಕಣ್ಣಿನ ನರವನ್ನು ತಿನ್ನುತ್ತಿರುತ್ತದೆ. ಕಣ್ಣಿನ ಪೊರೆಯೂ ಬೇಗ ಬರುತ್ತದೆ. ವರ್ನಲ್ ಅಲರ್ಜಿಯ ಮಕ್ಕಳು ಪ್ರತಿ ಬೇಸಿಗೆಗೆ ಹಳೇ ಚೀಟಿ ತೋರಿಸಿ ಇದನ್ನೇ ತಂದು ಹಾಕಿಕೊಂಡು, ಕಡೆಗೆ ದೃಷ್ಟಿ ಕಳೆದುಕೊಂಡ ಉದಾಹರಣೆಗಳನ್ನು ಯಾವ ಕಣ್ಣಿನ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಇದಕ್ಕಿಂತ ಸಂಕಟದ ವಿಷಯ ಇನ್ನೊಂದಿಲ್ಲ, ಯಾಕಂದರೆ ಇದು ಪೂರ್ತಿ ತಪ್ಪಿಸಬಹುದಾದದ್ದು. ಇಂಥ ಮಕ್ಕಳಿಗೆ ದೀರ್ಘಕಾಲ ಬೇಕಾದರೆ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಅನ್ನುವ ಬೇರೆ ಔಷಧಿಗಳಿವೆ. ಡಾಕ್ಟರ ಹತ್ತಿರ ಕೇಳಿ.

ಓದುವುದು ಹೇಗೆ? ಡಬ್ಬಿಯ ಮೇಲೆ ದೊಡ್ಡದಾಗಿರುವುದು ಕಂಪನಿ ಇಟ್ಟ ಹೆಸರು, ಬಿಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ನೋಡಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್, ಲೊಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್. ಕೊನೆಗೆ 'ಸೋನ್', 'ಲೋನ್' ಇದ್ದರೆ, ನಡುವೆ 'ಪ್ರೆಡ್ನ' ಇದ್ದರೆ ಸ್ಟೀರಾಯ್ಡ್ ಅಂತ ತಿಳಿಯಿರಿ. ಆಂಟಿಬಯೋಟಿಕ್ ಹೆಸರಿನ ಪಕ್ಕದಲ್ಲೇ ಕೂತಿರುತ್ತದೆ, ಎರಡನೇ ಸಾಲು ಬಿಡಬೇಡಿ. ಅಂಗಡಿಯಲ್ಲಿ ನೇರವಾಗಿ 'ಇದರಲ್ಲಿ ಸ್ಟೀರಾಯ್ಡ್ ಇದೆಯಾ?' ಅಂತ ಕೇಳಿ.

ಹಾಗಂತ ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣು ನೋಡುವ ಮೈಕ್ರೋಸ್ಕೋಪಿನಲ್ಲಿ, ನೋಡಿ ಬರೆದುಕೊಟ್ಟರೆ ಅದು ಕಣ್ಣು ಉಳಿಸುತ್ತದೆ. ಆಗ ಹೇಳಿದಷ್ಟು ದಿನ, ಹೇಳಿದ ಹಾಗೆ ಇಳಿಸುತ್ತಾ ಹಾಕಿ. ನಡುವೆ ಒತ್ತಡ ಪರೀಕ್ಷೆಗೆ ಹೋಗಿ.

ಹೆಜ್ಜೆ 6: ಹೊಟ್ಟು, ಸುಣ್ಣ, ಪಟಾಕಿ

ಒಕ್ಕಣೆ ಕಾಲದಲ್ಲಿ ಭತ್ತದ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತದೆ. ಕಬ್ಬಿನ ಗರಿ ಗೀಚುತ್ತದೆ. ಕಾರ್ನಿಯಾದ ಮೇಲ್ಪದರ ಗಟ್ಟಿ ಇರುವವರೆಗೆ ರೋಗಾಣು ಒಳಗೆ ಹೋಗುವುದು ಕಷ್ಟ. ಅಲ್ಲಿ ಗೀರಾದರೆ ಬಾಗಿಲು ತೆರೆದಂತೆ. ಗಿಡ, ಮಣ್ಣಿನ ಜೊತೆ ಬರುವುದು ಫ್ಯುಸೇರಿಯಂ, ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರಗಳು. ಇವು ನಿಧಾನ. ಮೊದಲ ದಿನ ಬರೀ ಚುಚ್ಚುತ್ತದೆ, ಕೆಲವು ದಿನ ಕಳೆದು ಕರಿಗುಡ್ಡೆಯ ಮೇಲೆ ಬೂದು-ಬಿಳಿ ಚುಕ್ಕೆ ಕಾಣಿಸುತ್ತದೆ. ಅಷ್ಟರಲ್ಲಿ ಯಾರೋ ಕೊಟ್ಟ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದ್ದರೆ ಕತೆ ಮುಗಿದಂತೆ.

ಆದ್ದರಿಂದ: ಬೆಳೆ, ಮರ, ದನದ ಬಾಲ, ಏನೇ ತಗುಲಿದರೂ ಚುಚ್ಚುವುದು ಮರುದಿನಕ್ಕೆ ಹೋಗದಿದ್ದರೆ ಕಣ್ಣಿನ ಆಸ್ಪತ್ರೆಗೆ ಹೋಗಿ. 'ಇಂಥದ್ದು ತಗುಲಿತು' ಅಂತ ಬಾಯಿಬಿಟ್ಟು ಹೇಳಿ. ಅವರು ಹುಣ್ಣಿನಿಂದ ಚೂರು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಶಿಲೀಂಧ್ರದ ಎಳೆ ಕಂಡರೆ ನಟಮೈಸಿನ್ ಡ್ರಾಪ್ಸ್ ಕೊಡುತ್ತಾರೆ. ವಾರಗಟ್ಟಲೆ ಹಾಕಬೇಕು, ಬೇಸರಪಡಬೇಡಿ. ಒಕ್ಕಣೆಗೆ ಹೋಗುವಾಗ ಯಾವುದಾದರೂ ಸಾದಾ ಕನ್ನಡಕ ಹಾಕಿಕೊಂಡು ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೂ ಇದೇ ಎಚ್ಚರಿಕೆ: ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಹಾಕಿಕೊಂಡು ಮಲಗಬೇಡಿ, ಕಣ್ಣು ಕೆಂಪಾದರೆ ಮೊದಲು ಲೆನ್ಸ್ ತೆಗೆಯಿರಿ.

ಸುಣ್ಣ ಇನ್ನೂ ಅಪಾಯ. ಎಲೆ-ಅಡಿಕೆಯ ಸುಣ್ಣದ ಪ್ಯಾಕೆಟ್ಟನ್ನೋ ಡಬ್ಬಿಯನ್ನೋ ಮಕ್ಕಳು ಹಿಸುಕುತ್ತವೆ, ಪಿಚಕ್ಕನೆ ಕಣ್ಣಿಗೆ ಹಾರುತ್ತದೆ. ಸುಣ್ಣ ಕ್ಷಾರ. ಸುಟ್ಟು ನಿಲ್ಲುವುದಿಲ್ಲ, ಒಳಗಿಳಿಯುತ್ತಲೇ ಇರುತ್ತದೆ. ಆಸ್ಪತ್ರೆ ಎಲ್ಲಿ ಅಂತ ಹುಡುಕುವ ಮೊದಲು ತೊಳೆಯಿರಿ. ಮಗುವನ್ನು ಮಲಗಿಸಿ, ತಲೆ ಸುಟ್ಟ ಕಣ್ಣಿನ ಕಡೆಗೆ ವಾಲಿಸಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಚೊಂಬಿನಿಂದ ನೀರು ಒಂದೇ ಸಮನೆ ಸುರಿಯಿರಿ. ಅರ್ಧ ಗಂಟೆ. ಹೌದು, ಮಗು ಕಿರುಚಿದರೂ ಅರ್ಧ ಗಂಟೆ. ರೆಪ್ಪೆಯಡಿ ಸುಣ್ಣದ ಚೂರು ಕಂಡರೆ ಒದ್ದೆ ಹತ್ತಿಯಿಂದ ತೆಗೆಯಿರಿ. ನಿಂಬೆರಸ, ಮಜ್ಜಿಗೆ ಹಾಕಿ ಸರಿಮಾಡಲು ಹೋಗಬೇಡಿ. ಆಮೇಲೆ ಆಸ್ಪತ್ರೆ. ಕಾರ್ನಿಯಾದ ಅಂಚಿನಲ್ಲಿ ಅದನ್ನು ಹೊಸದು ಮಾಡುವ ಕಾಂಡಕೋಶಗಳಿವೆ. ಸುಣ್ಣ ಅವನ್ನು ಸುಟ್ಟರೆ ಪಕ್ಕದ ಪೊರೆ, ರಕ್ತನಾಳ ಎಲ್ಲ ಕಾರ್ನಿಯಾದ ಮೇಲೆ ಹಬ್ಬಿಬಿಡುತ್ತವೆ.

ಪಟಾಕಿ, ಸುತ್ತಿಗೆ ಪೆಟ್ಟಿಗೆ ಸಿಡಿದ ಕಬ್ಬಿಣದ ಚೂರು, ಮೊಳೆ, ದಬ್ಬಳ ಚುಚ್ಚಿದರೆ ನಿಯಮ ಉಲ್ಟಾ: ತೊಳೆಯಬೇಡಿ, ಒತ್ತಬೇಡಿ, ಸಿಕ್ಕಿಕೊಂಡದ್ದನ್ನು ಎಳೆಯಬೇಡಿ. ಪೇಪರ್ ಲೋಟದ ತಳವನ್ನು ಕಣ್ಣಿಗೆ ತಾಗದ ಹಾಗೆ ಮುಚ್ಚಿ ಟೇಪ್ ಹಾಕಿ ಹೊರಡಿ. ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಪ್ರತಿ ದೀಪಾವಳಿಗೂ ಇಂಥವರು ಬರುತ್ತಾರೆ, ಎಷ್ಟೋ ಜನ ಪಟಾಕಿ ಹಚ್ಚದೆ ಸುಮ್ನೆ ನೋಡುತ್ತಾ ನಿಂತವರು.

ಹೆಜ್ಜೆ 7: ದೇಹವೇ ಕಣ್ಣಿನ ಮೇಲೆ ತಿರುಗಿಬಿದ್ದರೆ

ಆ ರೀಲ್ಸಿನ ನಿಜವಾದ ಭಾಗ ಇಲ್ಲಿದೆ. 1812ರಲ್ಲಿ ಫ್ರಾನ್ಸಿನ ಕೂಪ್ರೇ ಅನ್ನುವ ಊರಲ್ಲಿ ಮೂರು ವರ್ಷದ ಹುಡುಗನೊಬ್ಬ ಅಪ್ಪನ ಚರ್ಮದ ಕೆಲಸದ ಕೊಟ್ಟಿಗೆಯಲ್ಲಿ ಆಡುತ್ತಾ ದಬ್ಬಳದಿಂದ ಕಣ್ಣಿಗೆ ಚುಚ್ಚಿಕೊಂಡ. ಪೆಟ್ಟಾಗಿದ್ದು ಒಂದೇ ಕಣ್ಣಿಗೆ. ಅವನಿಗೆ ಐದು ವರ್ಷವಾಗುವಷ್ಟರಲ್ಲಿ ಎರಡೂ ಹೋದವು. ಆ ಹುಡುಗನೇ ಮುಂದೆ ಬ್ರೈಲ್ ಲಿಪಿ ರೂಪಿಸಿದ ಲೂಯಿ ಬ್ರೈಲ್. ಇದು ಸಿಂಪಥೆಟಿಕ್ ಆಫ್ತಾಲ್ಮಿಯಾ ಆಗಿರಬೇಕು ಅಂತ ಇವತ್ತಿನ ವೈದ್ಯರ ಅಂದಾಜು. ಕಣ್ಣೊಳಗಿನ ಕೆಲವು ಪ್ರೋಟೀನುಗಳನ್ನು ಟಿ ಕೋಶಗಳು ಸಾಮಾನ್ಯವಾಗಿ ನೋಡಿಯೇ ಇರುವುದಿಲ್ಲ. ಕಣ್ಣು ಒಡೆದಾಗ ಅವು ಹೊರಬಂದು ದುಗ್ಧಗ್ರಂಥಿ ತಲುಪುತ್ತವೆ. ಅಲ್ಲಿ ತಯಾರಾದ ಪಡೆ ಪೆಟ್ಟಾಗದ ಕಣ್ಣಿನಲ್ಲೂ ಅದೇ ಪ್ರೋಟೀನು ಹುಡುಕಿಕೊಂಡು ಹೋಗುತ್ತದೆ. ಇದು ಬಹಳ ಅಪರೂಪ, ಈಗ ಚಿಕಿತ್ಸೆಯೂ ಇದೆ. ಆದರೆ ಒಂದು ಕಣ್ಣಿಗೆ ಆಳದ ಪೆಟ್ಟಾದವರು ಮುಂದೆ ಯಾವಾಗಲಾದರೂ ಒಳ್ಳೆ ಕಣ್ಣು ಕೆಂಪಾದರೆ, ಮಂಜಾದರೆ, ಬೆಳಕು ಚುಚ್ಚಿದರೆ ಅವತ್ತೇ ತೋರಿಸಬೇಕು.

ಇದಕ್ಕಿಂತ ಸಾಮಾನ್ಯವಾದದ್ದು ಯುವಿಯೈಟಿಸ್. ಹಲವು ಸಲ ಪೆಟ್ಟಿಲ್ಲ, ಸೋಂಕಿಲ್ಲ, ಆದರೂ ಐರಿಸ್ ಊದಿಕೊಳ್ಳುತ್ತದೆ. ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಕಾರ್ನಿಯಾದ ಹಿಂದಿನ ತಿಳಿನೀರಿನಲ್ಲಿ ಬಿಳಿ ರಕ್ತಕಣಗಳು ಚುಕ್ಕೆ ಚುಕ್ಕೆಯಾಗಿ ತೇಲುವುದು ಕಾಣುತ್ತದೆ. ಸ್ಟೀರಾಯ್ಡ್ ಜೊತೆ ಪಾಪೆ ಅಗಲಿಸುವ ಡ್ರಾಪ್ಸ್ ಕೊಡುತ್ತಾರೆ, ಐರಿಸ್ ಹೋಗಿ ಲೆನ್ಸಿಗೆ ಅಂಟಿಕೊಳ್ಳಬಾರದು ಅಂತ. ಓದಲು ಆಗುವುದಿಲ್ಲ ಅಂತ ಅದನ್ನು ಮಾತ್ರ ಬಿಡುವವರಿದ್ದಾರೆ. ಬಿಡಬೇಡಿ.

ಕಣ್ಣಿನ ಡಾಕ್ಟರು ಬೆನ್ನು ನೋವಿನ ಬಗ್ಗೆ ಕೇಳಿದರೆ ಆಶ್ಚರ್ಯಪಡಬೇಡಿ. ಬೆಳಿಗ್ಗೆ ಏಳುವಾಗ ಸೊಂಟ ಮರಗಟ್ಟಿ, ಓಡಾಡಿದ ಮೇಲೆ ಸಡಿಲವಾಗುತ್ತದೆಯಾ? ಎಚ್‌ಎಲ್‌ಎ-ಬಿ27 ಅನ್ನುವ ಜೀನ್ ಇರುವವರಿಗೆ ಬೆನ್ನುಮೂಳೆಯ ಉರಿಯೂತವೂ ಕಣ್ಣಿನದ್ದೂ ಜೊತೆಗೆ ಬರಬಹುದು. ಕ್ಷಯ, ಬಾಯಿಹುಣ್ಣು, ಚರ್ಮದ ಕಲೆ, ಕೀಲುನೋವು, ಎಲ್ಲವನ್ನೂ ಹೇಳಿ. ಮಗುವಿಗೆ ಕೀಲುವಾತ ಇದ್ದರೆ ಕಣ್ಣು ಬೆಳ್ಳಗಿದ್ದರೂ ಒಳಗೆ ಉರಿಯೂತ ಇರಬಹುದು. ಡಾಕ್ಟರು ಹೇಳಿದ ಅವಧಿಗೆ, ಎಷ್ಟೋ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ, ಕಣ್ಣಿನ ತಪಾಸಣೆ ಆಗಲೇಬೇಕು.

ಕಣ್ಣೂ ಬಾಯಿಯೂ ಎರಡೂ ಒಣಗಿ, ನೀರು ಕುಡಿಯದೆ ಒಣ ರೊಟ್ಟಿ ನುಂಗಲಾಗದಿದ್ದರೆ ಶೋಗ್ರೆನ್ ಕಾಯಿಲೆಯ ಪರೀಕ್ಷೆ ಮಾಡಿಸಿ. ಇದರಲ್ಲಿ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೇ ದಾಳಿ. ಕೃತಕ ಕಣ್ಣೀರನ್ನು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವುದಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ.

ಇನ್ನೊಂದು ಇದಕ್ಕೆ ಸೇರದಿದ್ದರೂ ಇಲ್ಲೇ ಹೇಳಿಬಿಡುತ್ತೇನೆ. ಹಣೆಯ ಮೇಲೆ ಸರ್ಪಸುತ್ತು ಎದ್ದು, ಮೂಗಿನ ತುದಿಯಲ್ಲೂ ಗುಳ್ಳೆ ಬಂದರೆ ಕಣ್ಣಿಗೂ ಇಳಿಯುವ ಸಂಭವ ಜಾಸ್ತಿ, ಯಾಕಂದರೆ ಎರಡಕ್ಕೂ ಹೋಗುವುದು ಒಂದೇ ನರ. ಆಂಟಿವೈರಲ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಮಣ್ಣು ಬಳಿದುಕೊಂಡು ಕಾಯಬೇಡಿ.

ಹೆಜ್ಜೆ 8: ಡ್ರಾಪ್ಸ್ ಹಾಕುವ ಸರಿಯಾದ ರೀತಿ

ಕೈ ತೊಳೆಯಿರಿ. ತಲೆ ಹಿಂದಕ್ಕೆ ಬಾಗಿಸಿ ಚಾವಣಿ ನೋಡಿ. ಕೆಳರೆಪ್ಪೆ ಎಳೆದರೆ ಒಂದು ಪುಟ್ಟ ಜೇಬು ಆಗುತ್ತದೆ, ಅದಕ್ಕೆ ಒಂದು ಹನಿ. ಬಾಟಲಿಯ ಮೂತಿ ರೆಪ್ಪೆಗೂದಲಿಗೂ ತಾಗಬಾರದು. ಕಣ್ಣಿನ ಮೇಲೆ ಹಿಡಿಸುವುದೇ ಸುಮಾರು 30 ಮೈಕ್ರೋಲೀಟರ್, ಒಂದು ಹನಿಯೇ 30ರಿಂದ 50 ಇರುತ್ತದೆ. ಎರಡನೇ ಹನಿ ಕೆನ್ನೆಗೆ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಹಾಕಿದ ಮೇಲೆ ಪಟಪಟ ರೆಪ್ಪೆ ಬಡಿಯಬೇಡಿ. ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಕಣ್ಣಂಚನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಔಷಧಿ ಗಂಟಲಿಗಿಳಿದು ಕಹಿಯಾಗುತ್ತದೆ. ಎರಡು ಬೇರೆ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ. ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಎಸೆಯಬೇಕು, ಅರ್ಧ ಉಳಿದಿದ್ದರೂ.

ಹೆಜ್ಜೆ 9: ಕಾರ್ನಿಯಾ ಕಸಿಯಾದವರಿಗೆ

1905ರ ಡಿಸೆಂಬರ್ 7ರಂದು, ಈಗಿನ ಜೆಕ್ ಗಣರಾಜ್ಯದ ಓಲೊಮೌಟ್ಸ್ ಊರಲ್ಲಿ ಎಡ್ವರ್ಡ್ ಜಿರ್ಮ್ ಅನ್ನುವ ವೈದ್ಯ, ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಯಾಳಿಗೆ ಬೇರೆಯವರ ಕಾರ್ನಿಯಾ ಕೂಡಿಸಿದರು. ಒಂದು ಕಣ್ಣಿಗೆ ನೋಟ ಬಂತು. ಬೇರೆಯವರ ಅಂಗವನ್ನು ದೇಹ ಯಾಕೆ ಒದ್ದು ಹೊರಹಾಕಲಿಲ್ಲ? ಆಗ ಯಾರಿಗೂ ತಿಳಿದಿರಲಿಲ್ಲ. 1948ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ ಮೊಲಗಳ ಕಣ್ಣಿನ ಮುಂಕೋಣೆಯಲ್ಲಿ, ಅಂದರೆ ಕಾರ್ನಿಯಾದ ಹಿಂದೆ ತಿಳಿನೀರಿರುವ ಜಾಗದಲ್ಲಿ, ಬೇರೆ ಮೊಲದ ಚರ್ಮ ಇಟ್ಟು, ಅದು ಅಲ್ಲಿ ಉಳಿಯುತ್ತದೆ ಅಂತ ತೋರಿಸಿದರು. ಕಾರ್ನಿಯಾದಲ್ಲಿ ರಕ್ತನಾಳವಿಲ್ಲ, ಹಾಗಾಗಿ ಟಿ ಕೋಶಗಳಿಗೆ ಬರುವ ದಾರಿಯೇ ಕಡಿಮೆ. ಒಳಗಿನ ತಿಳಿನೀರಿನಲ್ಲಿ ಟಿಜಿಎಫ್-ಬೀಟಾದಂಥ ರಾಸಾಯನಿಕಗಳಿದ್ದು ಬಂದವರನ್ನೂ ತಣ್ಣಗೆ ಮಾಡುತ್ತವೆ. ಅದಕ್ಕೇ ಕಿಡ್ನಿಗೆ ಮಾಡುವಷ್ಟು ಹೊಂದಾಣಿಕೆ ಪರೀಕ್ಷೆ ಸಾಮಾನ್ಯವಾಗಿ ಕಾರ್ನಿಯಾಕ್ಕೆ ಬೇಕಿಲ್ಲ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದವರು ಅವರ ಎರಡೂ ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಅಂತ ಬೇರೆ ಮಾಡಿ ನಾಲ್ವರಿಗೆ ಕೂಡಿಸಿದ್ದೂ ಈ ಸೌಲಭ್ಯ ಇರುವುದರಿಂದಲೇ.

ಕಣ್ಣು ದಾನ ಮಾಡುವ ಮನೆಯವರಿಗೆ ಗೊತ್ತಿರಬೇಕಾದ್ದು ಇಷ್ಟು: ತೀರಿಕೊಂಡ 6 ಗಂಟೆಯೊಳಗೆ ನೇತ್ರಬ್ಯಾಂಕಿನವರು ಬರಬೇಕು, ಬೇಗ ಫೋನ್ ಮಾಡಿ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಡಿ, ಫ್ಯಾನ್ ಆಫ್ ಮಾಡಿ. ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ ಯಾವುದೂ ಅಡ್ಡಿಯಲ್ಲ.

ಕಸಿ ಮಾಡಿಸಿಕೊಂಡವರಿಗೆ ಒಂದು ಎಚ್ಚರಿಕೆ. ಬೇರೆಯವರ ಕಾರ್ನಿಯಾಕ್ಕೆ ಕಣ್ಣು ಕೊಡುವ ಈ ರಿಯಾಯಿತಿ ಶಾಶ್ವತವಲ್ಲ. ಹಳೇ ಸೋಂಕಿನಿಂದಲೋ ಸುಣ್ಣದಿಂದಲೋ ಕಾರ್ನಿಯಾದೊಳಗೆ ರಕ್ತನಾಳ ಬೆಳೆದಿದ್ದರೆ, ಅದೇ ದಾರಿಯಲ್ಲಿ ಟಿ ಕೋಶಗಳು ಬರುತ್ತವೆ, ಕಸಿ ತಿರಸ್ಕಾರದ ಅಪಾಯ ಹೆಚ್ಚುತ್ತದೆ. ವರ್ಷಗಳ ನಂತರವೂ ಆಗಬಹುದು. ಕೆಂಪು, ಬೆಳಕು ಚುಚ್ಚುವುದು, ಮಂಜು, ನೋವು, ಈ ನಾಲ್ಕರಲ್ಲಿ ಒಂದೇ ಒಂದು ಬಂದರೂ ಅವತ್ತೇ ಕಸಿ ಮಾಡಿದ ಡಾಕ್ಟರ ಹತ್ತಿರ ಹೋಗಿ. ಬೇಗ ಹೋದರೆ ಹೆಚ್ಚಿನ ಸಲ ಉಳಿಸಬಹುದು. ಬೇರೆಯವರು ಸುಮ್ಮನೆ ಹಾಕಿಕೊಳ್ಳಬಾರದು ಅಂತ ನಾನು ಇಷ್ಟು ಹೊತ್ತು ಬೈದ ಅದೇ ಸ್ಟೀರಾಯ್ಡ್ ಡ್ರಾಪ್ಸ್ ನಿಮ್ಮ ಕಸಿಯನ್ನು ಕಾಯುತ್ತಿರುವುದು. ಕಣ್ಣು ಚೆನ್ನಾಗಿದೆ ಅಂತ ನೀವಾಗಿಯೇ ನಿಲ್ಲಿಸಬೇಡಿ. ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಇನ್ನೊಂದು ಬಾಟಲಿ ಇರಲಿ. ನಿಮ್ಮೂರಿನ ಅಂಗಡಿಯಲ್ಲಿ ಅದೇ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ.